ಕರುಳಿಗೊಬ್ಬ ಡಾಕ್ಟರು, ಗರ್ಭಕೋಶಕ್ಕೊಬ್ಬರು

(ಟೆಕ್ಸಸ್‌ನಲ್ಲಿ ಕನ್ನಡ ಮಹಿಳೆಯರ ಒಂದು ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿ ಹೆರಿಗೆ ಮತ್ತು ಸ್ತ್ರೀರೋಗದ ಡಾಕ್ಟರಾಗಿ ಕೆಲಸ ಮಾಡುತ್ತೇನೆ. ನನ್ನ ಹತ್ತಿರ ಬರುವವರಲ್ಲಿ ಬಹಳಷ್ಟು ಜನ ಹಿಸ್ಪಾನಿಕ್ ಹೆಣ್ಣುಮಕ್ಕಳು. ಮೆಕ್ಸಿಕೊದಿಂದ ಬಂದವರು, ಎಲ್ ಸಾಲ್ವಡಾರ್, ಹೊಂಡುರಾಸ್‌ನಿಂದ ಬಂದವರು, ಇಲ್ಲೇ ಹುಟ್ಟಿ ಬೆಳೆದವರು. ಇವತ್ತು ಅವರ ಬಗ್ಗೆ ಮಾತಾಡುತ್ತೇನೆ ಎಂದಾಗ "ನಮ್ಮವರ ಬಗ್ಗೆ ಹೇಳಬಾರದಾ ಮೇಡಂ?" ಎಂದು ಸಂಘಟಕರೊಬ್ಬರು ಕೇಳಿದರು. ನಮ್ಮವರ ಮಾತೂ ನಡುನಡುವೆ ಬರುತ್ತದೆ. ಆದರೆ ಈ ಸಭೆಯಲ್ಲಿ ನರ್ಸುಗಳಿದ್ದೀರಿ, ಫಾರ್ಮಸಿಯಲ್ಲಿ ಕೆಲಸ ಮಾಡುವವರಿದ್ದೀರಿ, ಲ್ಯಾಬಿನವರಿದ್ದೀರಿ. ಬೇರೆ ಕೆಲಸದಲ್ಲಿರುವವರ ಮನೆಯಲ್ಲೂ ಮಗು ನೋಡಿಕೊಳ್ಳಲು, ಕ್ಲೀನ್ ಮಾಡಲು ಬರುವ ಹೆಂಗಸು ಸ್ಪ್ಯಾನಿಷ್ ಮಾತಾಡುವವರೇ ಇರಬಹುದು. ದಿನಾ ಕಾಣುವ ಮುಖಗಳು. ಅವರ ಒಂದು ಕಷ್ಟದ ಬಗ್ಗೆ ನಮಗೆ ತಿಳಿದಿರಬೇಕು ಎಂದು ನನಗೆ ನಿಜವಾಗಿ ಅನ್ನಿಸುತ್ತದೆ.

ಆ ಕಷ್ಟದ ಹೆಸರು ಐಬಿಡಿ. ಕರುಳಿನಲ್ಲಿ ಊತ ಬಂದು ಅದು ವರ್ಷಗಟ್ಟಲೆ ಉಳಿಯುವ ಕಾಯಿಲೆ. ಇದರಲ್ಲಿ ಮುಖ್ಯವಾಗಿ ಎರಡು ಬಗೆ. ದೊಡ್ಡ ಕರುಳಿನ ಒಳಪದರದಲ್ಲಿ ಹುಣ್ಣಾಗಿ ರಕ್ತಭೇದಿ ಆಗುವುದು ಅಲ್ಸರೇಟಿವ್ ಕೊಲೈಟಿಸ್. ಬಾಯಿಯಿಂದ ಗುದದವರೆಗೆ ಎಲ್ಲಿ ಬೇಕಾದರೂ ಬಂದು, ಕರುಳಿನ ಗೋಡೆಯ ಆಳಕ್ಕೆ ಇಳಿಯುವುದು ಕ್ರೋನ್ಸ್ ಕಾಯಿಲೆ. ನ್ಯೂಯಾರ್ಕ್‌ನ ಮೌಂಟ್ ಸೈನಾಯ್ ಆಸ್ಪತ್ರೆಯ ಬರ್ರಿಲ್ ಕ್ರೋನ್ ಮತ್ತು ಜೊತೆಗಾರರು 1932ರಲ್ಲಿ ಅದರ ಬಗ್ಗೆ ಬರೆದರು, ಅದಕ್ಕೇ ಆ ಹೆಸರು. ರೋಗನಿರೋಧಕ ಶಕ್ತಿ ನಮ್ಮದೇ ಕರುಳಿನ ಮೇಲೆ ತಿರುಗಿ ಬೀಳುತ್ತದೆ. ಪೂರ್ತಿ ಗುಣ ಮಾಡುವ ಔಷಧಿ ಇಲ್ಲ, ಹತೋಟಿಯಲ್ಲಿಡುವ ಒಳ್ಳೆಯ ಔಷಧಿಗಳಿವೆ.

ಬಹಳ ಕಾಲ ಇದನ್ನು ಬಿಳಿಯರ ಕಾಯಿಲೆ ಎಂದೇ ತಿಳಿದಿದ್ದರು. ಪಠ್ಯಪುಸ್ತಕಗಳೂ ಹಾಗೇ ಹೇಳುತ್ತಿದ್ದವು. ಹಾಗಾಗಿ ಒಬ್ಬ ಮೆಕ್ಸಿಕನ್ ಹುಡುಗಿ ತಿಂಗಳುಗಟ್ಟಲೆ ಭೇದಿ ಎಂದು ಬಂದರೆ ಮೊದಲು ನೆನಪಾಗುತ್ತಿದ್ದದ್ದು ಅಮೀಬಾ, ಹುಳ, ಸೋಂಕು. ಈಗ ಲೆಕ್ಕ ಬದಲಾಗಿದೆ. 2020ರ ಜನಗಣತಿಯ ಪ್ರಕಾರ ಅಮೆರಿಕದಲ್ಲಿ ಹಿಸ್ಪಾನಿಕ್ ಜನ 6.2 ಕೋಟಿ, ನೂರಕ್ಕೆ ಸುಮಾರು 19. ಅವರಲ್ಲಿ ಈ ಕಾಯಿಲೆ ಜಾಸ್ತಿಯಾಗುತ್ತಿದೆ. ಮಯಾಮಿ ವಿಶ್ವವಿದ್ಯಾಲಯದ ಸಂಶೋಧಕರು ಕ್ಯೂಬಾದಿಂದ ಬಂದವರನ್ನು ನೋಡಿದಾಗ, ಹಿಂದೆ ವಲಸೆ ಬಂದವರಿಗೆ ಕಾಯಿಲೆ ಕಾಣಿಸಿಕೊಳ್ಳಲು ದಶಕಗಳು ಹಿಡಿದಿದ್ದವು, ಇತ್ತೀಚೆಗೆ ಬಂದವರಲ್ಲಿ ಅದು ಬೇಗ ಕಾಣಿಸಿಕೊಂಡಿತ್ತು. ಬ್ರಿಟನ್‌ಗೆ ಹೋದ ಭಾರತೀಯರ ಮಕ್ಕಳಲ್ಲೂ ಇಂಥದ್ದೇ ಕಂಡಿದೆ. ಅಲ್ಲೇ ಹುಟ್ಟಿದ ಮಕ್ಕಳಲ್ಲಿ ಕಾಯಿಲೆ ಬಿಳಿಯರಷ್ಟೇ, ಕೆಲವು ಕಡೆ ಅದಕ್ಕಿಂತಲೂ ಹೆಚ್ಚು. ಊಟ, ಬದುಕುವ ರೀತಿ, ಕರುಳಿನ ಬ್ಯಾಕ್ಟೀರಿಯಾ, ಎಲ್ಲದರ ಪಾಲೂ ಇದೆ ಎಂದು ಊಹೆ. ಅಷ್ಟರಮಟ್ಟಿಗೆ ಇದು ನಮ್ಮ ಕಥೆಯೂ ಹೌದು.

ಕಾಯಿಲೆ ಶುರುವಾಗುವುದು ಹೆಚ್ಚಾಗಿ 15ರಿಂದ 35ರ ವಯಸ್ಸಿನಲ್ಲಿ. ಹೆಣ್ಣಿಗೆ ಅದು ಯಾವ ವಯಸ್ಸು? ಮುಟ್ಟು, ಮದುವೆ, ಬಸಿರು, ಬಾಣಂತನ, ಎಲ್ಲವೂ ಅಲ್ಲೇ. ಆದರೂ ಕರುಳಿಗೆ ಒಬ್ಬ ಡಾಕ್ಟರು, ಗರ್ಭಕೋಶಕ್ಕೆ ಇನ್ನೊಬ್ಬ ಡಾಕ್ಟರು. ಬೇರೆ ಬಿಲ್ಡಿಂಗ್, ಬೇರೆ ಫೈಲು, ಬೇರೆ ಬಿಲ್ಲು. ಒಬ್ಬರು ಕೇಳಿದ್ದು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ಇದು ಎಲ್ಲ ಹೆಂಗಸರಿಗೂ ಇರುವ ತೊಂದರೆ. ವಿಮೆ ಇಲ್ಲದ, ಇಂಗ್ಲಿಷ್ ಬರದ, ಹೊಟ್ಟೆಯಿಂದ ಕೆಳಗಿನ ಮಾತು ಆಡಬಾರದು ಎಂದು ಕಲಿತು ಬೆಳೆದ ಹೆಣ್ಣಿಗೆ ಈ ಕಂದಕ ತುಂಬಾ ಆಳವಾಗುತ್ತದೆ.

ಮುಟ್ಟಿನಿಂದಲೇ ಶುರು ಮಾಡೋಣ. ಮುಟ್ಟಿನ ದಿನಗಳಲ್ಲಿ ಹೊಟ್ಟೆ ಸಡಿಲವಾಗುವುದು ಆರೋಗ್ಯವಂತ ಹೆಂಗಸರಿಗೂ ಗೊತ್ತು. ಗರ್ಭಕೋಶವನ್ನು ಹಿಂಡುವ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕ ಪಕ್ಕದ ಕರುಳನ್ನೂ ಹಿಂಡುತ್ತದೆ. ಐಬಿಡಿ ಇದ್ದವರಲ್ಲಿ ಇದು ಎದ್ದು ಕಾಣುತ್ತದೆ. ನೋವು, ಭೇದಿ ಎರಡೂ ಏರುತ್ತವೆ. ಕಾಯಿಲೆ ಪತ್ತೆಯಾಗುವ ಮುಂಚಿನ ತಿಂಗಳುಗಳಲ್ಲಿ ಮುಟ್ಟು ಏರುಪೇರಾಗುವುದೂ ಉಂಟು. ಆಗ ಅವಳು ಕರುಳಿನ ಡಾಕ್ಟರ ಬಳಿ "ಇದು ಮುಟ್ಟಿನದು" ಎನ್ನುತ್ತಾಳೆ. ನನ್ನ ಬಳಿ "ಇದು ಹೊಟ್ಟೆಯದು" ಎನ್ನುತ್ತಾಳೆ. ಇಬ್ಬರೂ ತಲೆಯಾಡಿಸಿ ಕಳಿಸುತ್ತೇವೆ.

ರಕ್ತಹೀನತೆಯಲ್ಲೂ ಇದೇ ಆಗುತ್ತದೆ. ಕರುಳಿನಿಂದಲೂ ರಕ್ತ ಹೋಗುತ್ತಿದೆ, ಮುಟ್ಟಿನಲ್ಲೂ ಹೋಗುತ್ತಿದೆ. ಹಿಮೋಗ್ಲೋಬಿನ್ ಕಡಿಮೆ ಬಂದರೆ "ಮುಟ್ಟು ಜಾಸ್ತಿ ಇರಬೇಕು" ಎಂದು ಕಬ್ಬಿಣದ ಮಾತ್ರೆ ಬರೆದು ಮುಗಿಸುತ್ತಾರೆ. ಕರುಳಿನ ಊತ ಇದ್ದಾಗ ಆ ಮಾತ್ರೆ ಸರಿಯಾಗಿ ಹತ್ತುವುದಿಲ್ಲ, ಹೊಟ್ಟೆಯನ್ನೂ ಕೆಡಿಸುತ್ತದೆ. ಅಂಥವರಿಗೆ ಕಬ್ಬಿಣವನ್ನು ಡ್ರಿಪ್ ಮೂಲಕ ಕೊಡಬೇಕಾಗುತ್ತದೆ. ಎಂಡೊಮೆಟ್ರಿಯೋಸಿಸ್, ಅಂದರೆ ಗರ್ಭಕೋಶದ ಒಳಪದರದಂಥ ಅಂಗಾಂಶ ಅದರ ಹೊರಗೆ ಬೆಳೆಯುವ ಕಾಯಿಲೆ, ಇದ್ದರಂತೂ ಗೊಂದಲ ಇನ್ನೂ ಜಾಸ್ತಿ. ಎರಡರಲ್ಲೂ ಕಿಬ್ಬೊಟ್ಟೆ ನೋವು, ಎರಡರಲ್ಲೂ ಮಲ ಹೋಗುವಾಗ ನೋವು. 2012ರಲ್ಲಿ ಪ್ರಕಟವಾದ ಡೆನ್ಮಾರ್ಕ್‌ನ ಒಂದು ದೊಡ್ಡ ಅಧ್ಯಯನದಲ್ಲಿ ಎಂಡೊಮೆಟ್ರಿಯೋಸಿಸ್ ಇದ್ದ 37 ಸಾವಿರಕ್ಕೂ ಹೆಚ್ಚು ಹೆಂಗಸರನ್ನು ನೋಡಿದರು. ಅವರಿಗೆ ಐಬಿಡಿ ಬರುವ ಸಾಧ್ಯತೆ ಉಳಿದವರಿಗಿಂತ ಸುಮಾರು ಒಂದೂವರೆ ಪಟ್ಟು ಇತ್ತು. ಅಂದರೆ ಒಂದು ಸಿಕ್ಕಿತು ಎಂದ ಮಾತ್ರಕ್ಕೆ ಇನ್ನೊಂದನ್ನು ಹುಡುಕುವುದು ಬಿಡಬಾರದು.

ನೋವಿನ ಮಾತ್ರೆಯ ವಿಷಯ ಫಾರ್ಮಸಿಯವರು ದಯವಿಟ್ಟು ಕೇಳಿಸಿಕೊಳ್ಳಿ. ಮುಟ್ಟಿನ ನೋವಿಗೆ ಐಬುಪ್ರೊಫೆನ್, ನ್ಯಾಪ್ರೊಕ್ಸೆನ್ ನುಂಗುವುದು ಇಲ್ಲಿ ಎಲ್ಲರಿಗೂ ರೂಢಿ. ಐಬಿಡಿ ಇದ್ದ ಕೆಲವರಲ್ಲಿ ಅದು ಕಾಯಿಲೆಯನ್ನು ಕೆರಳಿಸುತ್ತದೆ. ಪ್ಯಾರಾಸಿಟಮಾಲ್, ಅಂದರೆ ಇಲ್ಲಿನ ಟೈಲೆನಾಲ್, ಮೇಲು. ಬಿಸಿನೀರಿನ ಬ್ಯಾಗು ಮೇಲು. ಅವರಮ್ಮಂದಿರು ಮಾಡಿಕೊಡುವ ಮನ್ಸಾನಿಯಾ ಚಹಾ, ಅಂದರೆ ಕ್ಯಾಮೊಮೈಲ್ ಕಷಾಯ, ಕುಡಿಯಲಿ ಬಿಡಿ. ಆದರೆ ಗಡಿಯಾಚೆಯಿಂದ ತರಿಸಿದ ಮೆಟಾಮಿಝೋಲ್ ಎಂಬ ನೋವಿನ ಮಾತ್ರೆ ಇದೆಯಾ ಎಂದು ಮಾತ್ರ ಕೇಳಲೇಬೇಕು. ಮೆಕ್ಸಿಕೊದಲ್ಲಿ ಅದು ಮನೆಮನೆಯ ಮಾತ್ರೆ. ನಮ್ಮ ಊರಿನಲ್ಲಿ ಅದನ್ನೇ ಅನಾಲ್ಜಿನ್ ಎಂದು ನುಂಗುತ್ತಿದ್ದೆವು, ಹಿರಿಯರಿಗೆ ನೆನಪಿರುತ್ತದೆ. ಅಮೆರಿಕದಲ್ಲಿ 1977ರಲ್ಲೇ ಅದನ್ನು ತೆಗೆದುಹಾಕಿದರು. ಅಪರೂಪಕ್ಕೆ ಅದು ಬಿಳಿ ರಕ್ತಕಣಗಳನ್ನು ಅಪಾಯದ ಮಟ್ಟಕ್ಕೆ ಇಳಿಸಿಬಿಡುತ್ತದೆ. ಐಬಿಡಿಗೆ ಕೊಡುವ ಅಜಥಯೋಪ್ರಿನ್ ಕೂಡ ಬಿಳಿ ಕಣಗಳನ್ನು ಇಳಿಸುವಂಥದ್ದೇ. ಎರಡೂ ಒಟ್ಟಿಗೆ ಬೇಡ.

ಅಜಥಯೋಪ್ರಿನ್ ಮಾತು ಬಂದದ್ದರಿಂದ ಇನ್ನೊಂದು ವಿಷಯ ಹೇಳಿಬಿಡುತ್ತೇನೆ. ಎನ್‌ಯುಡಿಟಿ15 ಎಂಬ ಒಂದು ಜೀನ್ ಇದೆ. ಅದರಲ್ಲಿ ಒಂದು ಬಗೆಯ ಬದಲಾವಣೆ ಇದ್ದವರಿಗೆ ಈ ಮಾತ್ರೆ ಮಾಮೂಲಿ ಪ್ರಮಾಣದಲ್ಲೂ ವಿಷವಾಗಬಹುದು. ಯೂರೋಪಿನ ಮೂಲದವರಲ್ಲಿ ಈ ಬದಲಾವಣೆ ತುಂಬಾ ಅಪರೂಪ. ಹಿಸ್ಪಾನಿಕ್ ಜನರಲ್ಲಿ ಮತ್ತು ಏಷ್ಯಾದವರಲ್ಲಿ, ನಾವೂ ಸೇರಿ, ಅಷ್ಟು ಅಪರೂಪವಲ್ಲ. ಮಾತ್ರೆ ಶುರು ಮಾಡುವ ಮುಂಚೆ ಇದರ ಪರೀಕ್ಷೆ ಮಾಡಿಸಬಹುದು. ನಿಮ್ಮ ಮನೆಯಲ್ಲಿ ಯಾರಿಗಾದರೂ ಈ ಮಾತ್ರೆ ಬರೆದರೆ ಕೇಳಿ.

ಈಗ ಹೇಳಲು ಕಷ್ಟವಾದ ಮಾತು. ಕ್ರೋನ್ಸ್ ಕಾಯಿಲೆಯಲ್ಲಿ ಹುಣ್ಣು ಕೆಲವೊಮ್ಮೆ ಕರುಳಿನಿಂದ ಪಕ್ಕದ ಅಂಗಕ್ಕೆ ದಾರಿ ಕೊರೆದುಕೊಳ್ಳುತ್ತದೆ. ಅದಕ್ಕೆ ಫಿಸ್ಟುಲಾ ಎನ್ನುತ್ತಾರೆ. ಕೆಲವು ಹೆಂಗಸರಲ್ಲಿ ಗುದನಾಳಕ್ಕೂ ಯೋನಿಗೂ ನಡುವೆ ಇಂಥ ದಾರಿ ಆಗುತ್ತದೆ. ಯೋನಿಯಿಂದ ಗಾಳಿ ಬರುತ್ತದೆ, ಮಲದ ಅಂಶ ಬರುತ್ತದೆ. ಯೋಚನೆ ಮಾಡಿ, ಇದನ್ನು ಯಾರ ಹತ್ತಿರ ಹೇಳುವುದು? ಗಂಡನ ಹತ್ತಿರ ಹೇಳಲಾಗುವುದಿಲ್ಲ. ಡಾಕ್ಟರ ಮುಂದೆ ಹೇಳೋಣವೆಂದರೆ ಅರ್ಥ ಮಾಡಿಸಲು ಜೊತೆಯಲ್ಲಿ ಬಂದಿರುವುದು ಹನ್ನೆರಡು ವರ್ಷದ ಮಗ. ಇಂಗ್ಲಿಷ್ ಬರುವುದು ಅವನಿಗೆ ಮಾತ್ರ. ಆ ತಾಯಿ "ಬಿಳಿ ಸೆರಗು ಹೋಗುತ್ತದೆ" ಎನ್ನುತ್ತಾಳೆ, ಅಷ್ಟೇ. ಸೋಂಕಿನ ಮಾತ್ರೆ ಸಿಗುತ್ತದೆ. ವಾಸಿಯಾಗುವುದಿಲ್ಲ. ಮತ್ತೆ ಅದೇ ಮಾತ್ರೆ.

ಒಬ್ಬರ ಗುಟ್ಟನ್ನು ನಾನು ಇಲ್ಲಿ ಬಿಚ್ಚುತ್ತಿಲ್ಲ. ಇಂಥ ಹಲವರ ಅನುಭವವನ್ನು ಒಂದುಗೂಡಿಸಿ ಹೇಳುತ್ತಿದ್ದೇನೆ. ಆದರೆ ಮಗನನ್ನು ಮುಂದೆ ಕೂರಿಸಿಕೊಂಡು ತಾಯಿಯ ಯೋನಿಯ ಬಗ್ಗೆ ಕೇಳುವುದು ಅನ್ಯಾಯ. ತುರ್ತು ಸಂದರ್ಭ ಬಿಟ್ಟರೆ ಮಕ್ಕಳನ್ನು ದುಭಾಷಿ ಮಾಡಬಾರದು ಎಂದು ಈ ದೇಶದ ಆರೋಗ್ಯ ಕಾನೂನಿನ ನಿಯಮಗಳೇ ಹೇಳುತ್ತವೆ. ಫೋನಿನಲ್ಲಿ ಅಥವಾ ವಿಡಿಯೋದಲ್ಲಿ ಇಂಟರ್‌ಪ್ರಿಟರ್ ಸಿಗುತ್ತಾರೆ. ಮಗುವನ್ನು ಹೊರಗೆ ಕಳಿಸಿ, ಫೋನಿನಲ್ಲಿ ಒಬ್ಬ ಹೆಂಗಸಿನ ಧ್ವನಿ ಸಿಕ್ಕರೆ, ವರ್ಷಗಳಿಂದ ನುಂಗಿಕೊಂಡಿದ್ದ ಮಾತು ಐದು ನಿಮಿಷದಲ್ಲಿ ಹೊರಬರುತ್ತದೆ.

ಇನ್ನು ಗರ್ಭಕಂಠದ ಕ್ಯಾನ್ಸರ್, ಅಂದರೆ ಗರ್ಭಕೋಶದ ಬಾಯಿಗೆ ಬರುವ ಕ್ಯಾನ್ಸರ್. ನಾನು ಇವತ್ತು ಬಂದದ್ದೇ ಇದಕ್ಕಾಗಿ.

ಅಮೆರಿಕದಲ್ಲಿ ಹಿಸ್ಪಾನಿಕ್ ಹೆಂಗಸರಿಗೆ ಈ ಕ್ಯಾನ್ಸರ್ ಬಿಳಿಯ ಹೆಂಗಸರಿಗಿಂತ ಸುಮಾರು ಮೂರನೇ ಒಂದರಷ್ಟು ಹೆಚ್ಚು ಬರುತ್ತದೆ. ನಮ್ಮ ಟೆಕ್ಸಸ್‌ನ ಮೆಕ್ಸಿಕೊ ಗಡಿ ಜಿಲ್ಲೆಗಳಲ್ಲಿ ಅದು ಇನ್ನೂ ಜಾಸ್ತಿ. ಕಾರಣ ಅವರ ದೇಹದಲ್ಲಿಲ್ಲ. ಪರೀಕ್ಷೆ ಆಗುವುದಿಲ್ಲ, ಪರೀಕ್ಷೆ ಆಗಿದ್ದರೂ ವರದಿ ಕೈಗೆ ಬರುವುದಿಲ್ಲ, ಬಂದರೂ ಮುಂದಿನ ಚಿಕಿತ್ಸೆಗೆ ದುಡ್ಡಿಲ್ಲ. ಇಡೀ ದೇಶದಲ್ಲಿ ವಿಮೆ ಇಲ್ಲದವರ ಪ್ರಮಾಣ ಅತಿ ಹೆಚ್ಚಿರುವುದು ನಮ್ಮ ರಾಜ್ಯದಲ್ಲೇ. ಬಡವರಿಗೆ ಸರ್ಕಾರ ಕೊಡುವ ವಿಮೆಯಾದ ಮೆಡಿಕೇಡ್ ಅನ್ನು ವಿಸ್ತರಿಸದ ರಾಜ್ಯಗಳಲ್ಲಿ ಟೆಕ್ಸಸ್, ಫ್ಲಾರಿಡಾ ಎರಡೂ ಇವೆ. ಎರಡೂ ಕಡೆ ಹಿಸ್ಪಾನಿಕ್ ಜನ ತುಂಬಿದ್ದಾರೆ.

ಈ ಕ್ಯಾನ್ಸರ್‌ಗೆ ಕಾರಣ ಹೆಚ್‌ಪಿವಿ ಎಂಬ ವೈರಸ್. ಅದನ್ನು ತೋರಿಸಿಕೊಟ್ಟ ಜರ್ಮನಿಯ ಹರಾಲ್ಡ್ ಝುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ಹೆಚ್ಚುಕಡಿಮೆ ಎಲ್ಲರಿಗೂ ಈ ವೈರಸ್ ಒಮ್ಮೆಯಾದರೂ ತಗಲುತ್ತದೆ. ನಮ್ಮ ರೋಗನಿರೋಧಕ ಶಕ್ತಿ ಒಂದೆರಡು ವರ್ಷದಲ್ಲಿ ಅದನ್ನು ಓಡಿಸುತ್ತದೆ. ಓಡಿಸಲಾಗದೆ ಉಳಿದುಕೊಂಡರೆ ಕೆಲವರಲ್ಲಿ ಹದಿನೈದು ಇಪ್ಪತ್ತು ವರ್ಷಕ್ಕೆ ಕ್ಯಾನ್ಸರ್ ಆಗುತ್ತದೆ. ರೋಗನಿರೋಧಕ ಶಕ್ತಿ ಕುಗ್ಗಿದವರಲ್ಲಿ ಅದು ಐದರಿಂದ ಹತ್ತು ವರ್ಷದಲ್ಲೇ ಆಗಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಐಬಿಡಿಗೆ ಕೊಡುವ ಹಲವು ಔಷಧಿಗಳು ಮಾಡುವುದೇನು? ಅದೇ ಶಕ್ತಿಯನ್ನು ತಗ್ಗಿಸುವುದು. ಅಜಥಯೋಪ್ರಿನ್‌ನಂಥ ಔಷಧಿ ತೆಗೆದುಕೊಳ್ಳುವವರಲ್ಲಿ ಗರ್ಭಕಂಠದ ಜೀವಕೋಶಗಳು ಕೆಡುವುದು ಹೆಚ್ಚು ಎಂದು ಹಲವು ಅಧ್ಯಯನಗಳು ತೋರಿಸಿವೆ. ಎಲ್ಲ ಅಧ್ಯಯನಗಳೂ ಒಂದೇ ದನಿಯಲ್ಲಿ ಮಾತಾಡುವುದಿಲ್ಲ, ಎಲ್ಲ ಔಷಧಿಗಳ ಅಪಾಯವೂ ಒಂದೇ ಅಲ್ಲ. ಆದರೂ ಎಚ್ಚರ ಸಾಕಷ್ಟಿದೆ. ಇಲ್ಲಿನ ಕರುಳಿನ ಡಾಕ್ಟರುಗಳ ಸಂಘವಾದ ಅಮೆರಿಕನ್ ಕಾಲೇಜ್ ಆಫ್ ಗ್ಯಾಸ್ಟ್ರೋಎಂಟರಾಲಜಿ 2017ರಲ್ಲಿ ಹೊರಡಿಸಿದ ಸೂಚನೆಯಲ್ಲಿ, ಇಂಥ ಔಷಧಿ ತೆಗೆದುಕೊಳ್ಳುವ ಐಬಿಡಿ ಹೆಂಗಸರಿಗೆ ವರ್ಷಕ್ಕೊಮ್ಮೆ ಗರ್ಭಕಂಠದ ಪರೀಕ್ಷೆ ಆಗಬೇಕು ಎಂದಿದೆ. ಉಳಿದವರಿಗೆ ಮೂರು ವರ್ಷಕ್ಕೊಮ್ಮೆ ಪ್ಯಾಪ್ ಟೆಸ್ಟ್, ಅಂದರೆ ಗರ್ಭಕಂಠದ ಜೀವಕೋಶಗಳನ್ನು ತೆಗೆದು ನೋಡುವ ಪರೀಕ್ಷೆ, ಅಥವಾ ಐದು ವರ್ಷಕ್ಕೊಮ್ಮೆ ಹೆಚ್‌ಪಿವಿ ಟೆಸ್ಟ್ ಸಾಕು. ಇವರಿಗೆ ಸಾಲದು.

ಯಾರಿಗೆ ಈ ಪರೀಕ್ಷೆ ಹೆಚ್ಚಾಗಿ ಬೇಕೋ ಅವರಿಗೇ ಅದು ಕಡಿಮೆ ಸಿಗುತ್ತಿದೆ. ನನಗೆ ನಿದ್ದೆ ಕೆಡಿಸುವ ವಿಷಯ ಇದು. ಐಬಿಡಿ ಸಂಶೋಧನೆಗಳಲ್ಲಿ ಭಾಗವಹಿಸಿದವರು ಬಹುಪಾಲು ಬಿಳಿಯರು. ಗರ್ಭಕಂಠದ ಕ್ಯಾನ್ಸರ್ ತಡೆಯುವ ಕಾರ್ಯಕ್ರಮಗಳು ಐಬಿಡಿ ಇದೆಯಾ ಎಂದು ಕೇಳುವುದಿಲ್ಲ. ಈ ಹೆಂಗಸು ಎರಡು ಪಟ್ಟಿಗಳ ನಡುವೆ ಬಿದ್ದು ಹೋಗುತ್ತಾಳೆ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಇದನ್ನು ಕೇಳಿ ಯಾರೂ ಕರುಳಿನ ಔಷಧಿ ನಿಲ್ಲಿಸಬೇಡಿ, ನಿಲ್ಲಿಸಿ ಎಂದು ಯಾರಿಗೂ ಹೇಳಬೇಡಿ. ಕಾಯಿಲೆ ಕೆರಳಿದರೆ ಆಗುವ ಹಾನಿ ದೊಡ್ಡದು. ಔಷಧಿಯೂ ಇರಲಿ, ಪರೀಕ್ಷೆಯೂ ಆಗಲಿ, ಲಸಿಕೆಯೂ ಆಗಲಿ.

ಹೆಚ್‌ಪಿವಿ ಲಸಿಕೆ ಇಲ್ಲಿಗೆ ಬಂದದ್ದು 2006ರಲ್ಲಿ. ಅದರಲ್ಲಿ ಜೀವಂತ ವೈರಸ್ ಇಲ್ಲ, ಹಾಗಾಗಿ ಈ ಔಷಧಿಗಳ ಮೇಲಿರುವವರಿಗೂ ಕೊಡಬಹುದು. ಚಿಕ್ಕ ವಯಸ್ಸಿನಲ್ಲಿ ಶುರು ಮಾಡಿದರೆ ಬೇರೆ ಮಕ್ಕಳಿಗೆ ಕಡಿಮೆ ಡೋಸ್ ಸಾಕು, ಇವರಿಗೆ ಮೂರು ಬೇಕು. ಅಮೆರಿಕದ ಆಡಳಿತಕ್ಕೆ ಸೇರಿದ, ಸ್ಪ್ಯಾನಿಷ್ ಮಾತಾಡುವ ದ್ವೀಪ ಪೋರ್ಟೊ ರಿಕೊದಲ್ಲಿ ಈ ಕ್ಯಾನ್ಸರ್ ತುಂಬಾ ಇರುವುದರಿಂದ 2018ರಲ್ಲಿ ಅಲ್ಲಿನ ಸರ್ಕಾರ 11, 12 ವರ್ಷದ ಮಕ್ಕಳು ಶಾಲೆಗೆ ಬರಬೇಕಾದರೆ ಈ ಲಸಿಕೆ ಆಗಿರಬೇಕು ಎಂದು ನಿಯಮ ಮಾಡಿತು. ಮೆಚ್ಚುವಂಥ ಕೆಲಸ.

ಆದರೆ ಸರ್ಕಾರ, ಡಾಕ್ಟರು, ಹೆಣ್ಣಿನ ದೇಹ, ಈ ಮೂರೂ ಒಂದೇ ವಾಕ್ಯದಲ್ಲಿ ಬಂದರೆ ಪೋರ್ಟೊ ರಿಕೊದ ಅಜ್ಜಿಯರು ಹಿಂಜರಿಯುತ್ತಾರೆ. ಅವರಿಗೆ ಕಾರಣವಿದೆ. ಗರ್ಭನಿರೋಧಕ ಮಾತ್ರೆಯ ಮೊದಲ ದೊಡ್ಡ ಪ್ರಯೋಗ ನಡೆದದ್ದು ಅಲ್ಲೇ, 1956ರಲ್ಲಿ, ರಿಯೊ ಪಿಯೆದ್ರಾಸ್‌ನ ಬಡವರ ವಸತಿ ಬಡಾವಣೆಯಲ್ಲಿ. ಇದು ಪ್ರಯೋಗ ಎಂದು ಆ ಹೆಂಗಸರಿಗೆ ಹೇಳಿರಲಿಲ್ಲ. ಹಾರ್ಮೋನಿನ ಪ್ರಮಾಣ ಇವತ್ತಿನ ಮಾತ್ರೆಗಿಂತ ಎಷ್ಟೋ ಪಟ್ಟು ಹೆಚ್ಚಿತ್ತು. ತಲೆ ಸುತ್ತು, ವಾಂತಿ ಎಂದು ಅವರು ಹೇಳಿಕೊಂಡದ್ದನ್ನು ಪ್ರಯೋಗದ ಮುಂದಾಳುಗಳು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಅದೇ ದ್ವೀಪದಲ್ಲಿ 1965ರ ಒಂದು ಸಮೀಕ್ಷೆ ಮಾಡಿದಾಗ, 20ರಿಂದ 49 ವಯಸ್ಸಿನ ತಾಯಂದಿರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿತ್ತು. ಲಾಸ್ ಏಂಜಲೀಸ್‌ನಲ್ಲಿ ಮೆಕ್ಸಿಕನ್ ಮೂಲದ ಹತ್ತು ಮಂದಿ ಹೆಂಗಸರು ಕೋರ್ಟಿಗೆ ಹೋದರು. ಹೆರಿಗೆ ನೋವಿನಲ್ಲಿದ್ದಾಗ, ಓದಲು ಬಾರದ ಇಂಗ್ಲಿಷ್ ಕಾಗದಕ್ಕೆ ಸಹಿ ಹಾಕಿಸಿಕೊಂಡು ಆಪರೇಷನ್ ಮಾಡಿದರು ಎಂಬುದು ಅವರ ದೂರು. 1978ರಲ್ಲಿ ಅವರು ಕೇಸು ಸೋತರು. ಆದರೆ ಆ ಹೋರಾಟದ ಬಿಸಿಯಿಂದ ನಿಯಮಗಳು ಬದಲಾದವು. ಸರ್ಕಾರದ ಹಣದಲ್ಲಿ ಮಾಡುವ ಇಂಥ ಆಪರೇಷನ್‌ಗೆ ಸಹಿ ಹಾಕಿದ ಮೇಲೆ 30 ದಿನ ಕಾಯಬೇಕು, ಅವರ ಭಾಷೆಯಲ್ಲೇ ವಿವರಿಸಬೇಕು. ತುರ್ತು ಪರಿಸ್ಥಿತಿಯ ದಿನಗಳಲ್ಲಿ ನಮ್ಮ ದೇಶದಲ್ಲಿ ಏನೇನು ನಡೆಯಿತು ಎಂದು ಕೇಳಿ ಬೆಳೆದ ನಮಗೆ ಈ ಭಯವನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಯಾಕೆ ಇಷ್ಟು ಹಳೆಯ ಕಥೆ? ಐಬಿಡಿ ಇದ್ದ ಹೆಣ್ಣಿಗೆ ಗರ್ಭನಿರೋಧಕದ ಸಲಹೆ ಕೊಡುವಾಗ ಇದೆಲ್ಲ ಆ ಕೋಣೆಯಲ್ಲೇ ಇರುತ್ತದೆ, ಅದಕ್ಕೆ. ಈಸ್ಟ್ರೋಜನ್ ಇರುವ ಮಾತ್ರೆ ರಕ್ತನಾಳದಲ್ಲಿ ಗರಣೆ ಕಟ್ಟುವ ಅಪಾಯವನ್ನು ಹೆಚ್ಚಿಸುತ್ತದೆ. ಐಬಿಡಿ ಇದ್ದವರಿಗೆ ಆ ಅಪಾಯ ಮೊದಲೇ ಎರಡು ಮೂರು ಪಟ್ಟು ಇದೆ. ಸಣ್ಣ ಕರುಳು ತುಂಬಾ ಕೆಟ್ಟಿದ್ದರೆ ನುಂಗಿದ ಮಾತ್ರೆ ಸರಿಯಾಗಿ ಹೀರಿಕೊಳ್ಳದೆಯೂ ಹೋಗಬಹುದು. ಮೂರು ತಿಂಗಳ ಇಂಜೆಕ್ಷನ್ ಮೂಳೆ ಸವೆಸುತ್ತದೆ, ಐಬಿಡಿಗೆಂದು ಸ್ಟಿರಾಯ್ಡ್ ತೆಗೆದುಕೊಂಡವರ ಮೂಳೆ ಆಗಲೇ ಸವೆದಿರುತ್ತದೆ. ಹಾಗಾಗಿ ಬಹಳ ಜನರಿಗೆ ವಂಕಿ, ಅಂದರೆ ಕಾಪರ್ ಟಿಯಂಥದ್ದು, ಅಥವಾ ತೋಳಿನಲ್ಲಿ ಇಡುವ ಇಂಪ್ಲಾಂಟ್ ಒಳ್ಳೆಯದು. ಐಬಿಡಿಗೆ ಕೊಡುವ ಇನ್ನೊಂದು ಔಷಧಿ ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುವವರು ಬಸಿರಾಗಲೇಬಾರದು, ಭ್ರೂಣಕ್ಕೆ ಅದು ಹಾನಿ. ಇದೆಲ್ಲ ವೈದ್ಯಕೀಯವಾಗಿ ಸರಿ. ಆದರೆ ಬಿಳಿ ಕೋಟು ಹಾಕಿಕೊಂಡ ನಾನು ಮೊದಲ ಭೇಟಿಯಲ್ಲೇ "ಇದನ್ನು ಹಾಕಿಸಿಕೋ" ಎಂದರೆ ಅವಳಿಗೆ ಅಜ್ಜಿಯ ಮಾತು ನೆನಪಾಗುತ್ತದೆ. ಮೊದಲು "ನಿನಗೆ ಮಕ್ಕಳು ಬೇಕಾ, ಯಾವಾಗ ಬೇಕು?" ಎಂದು ಕೇಳಬೇಕು. "ಬೇಡ ಅನ್ನಿಸಿದ ದಿನ ಬಾ, ತೆಗೆದುಕೊಡುತ್ತೇನೆ" ಎಂದು ಮೊದಲೇ ಮಾತು ಕೊಡಬೇಕು, ಆ ಮಾತು ಉಳಿಸಿಕೊಳ್ಳಬೇಕು.

ಬಸಿರಿನ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ, ಸುದ್ದಿ ಬಹುಮಟ್ಟಿಗೆ ಒಳ್ಳೆಯದೇ. ಕಾಯಿಲೆ ತಣ್ಣಗಿದ್ದು, ಕಿಬ್ಬೊಟ್ಟೆಯಲ್ಲಿ ದೊಡ್ಡ ಆಪರೇಷನ್ ಆಗಿರದಿದ್ದರೆ ಗರ್ಭ ನಿಲ್ಲುವ ಸಾಧ್ಯತೆ ಬೇರೆಯವರಷ್ಟೇ ಇರುತ್ತದೆ. ಮೂರರಿಂದ ಆರು ತಿಂಗಳು ಕಾಯಿಲೆ ಹತೋಟಿಯಲ್ಲಿದ್ದ ಮೇಲೆ ಬಸಿರಾದರೆ ಉತ್ತಮ. ಕರುಳಿನ ಡಾಕ್ಟರಾದ ಉಮಾ ಮಹದೇವನ್ ಅವರ ನೇತೃತ್ವದಲ್ಲಿ 2007ರಿಂದ ಅಮೆರಿಕದಲ್ಲಿ ನಡೆದ ಪಿಯಾನೊ ಎಂಬ ಅಧ್ಯಯನ ಐಬಿಡಿ ಇದ್ದವರ ಸುಮಾರು ಒಂದೂವರೆ ಸಾವಿರ ಬಸಿರುಗಳನ್ನು ನೋಡಿತು. ಬಯಾಲಜಿಕ್ ಎಂದು ಕರೆಯುವ, ಜೀವಕೋಶಗಳಿಂದ ತಯಾರಿಸಿದ ಔಷಧಿಗಳಿಂದ, ಅಜಥಯೋಪ್ರಿನ್‌ನಿಂದ ಮಗುವಿನ ಅಂಗವೈಕಲ್ಯ ಹೆಚ್ಚಾಗಲಿಲ್ಲ. ಮಗುವಿಗೆ ಹೆಚ್ಚು ತೊಂದರೆ ಕೊಡುವುದು ಕೆರಳಿದ ಕಾಯಿಲೆ. ಆದರೂ ಬಸಿರು ಎಂದು ಗೊತ್ತಾದ ದಿನವೇ ಅಮ್ಮ, ಅತ್ತೆ ಸೇರಿ ಔಷಧಿ ನಿಲ್ಲಿಸಿಬಿಡುತ್ತಾರೆ. ಅಲ್ಲೂ ಹಾಗೇ, ನಮ್ಮಲ್ಲೂ ಹಾಗೇ. ಪ್ರೀತಿಯಿಂದಲೇ ಮಾಡುತ್ತಾರೆ. ಹಾಗಾಗಿ ಅತ್ತೆಯನ್ನೂ ಕ್ಲಿನಿಕ್ಕಿಗೆ ಕರೆದುಕೊಂಡು ಬಾ ಎಂದು ನಾನೇ ಹೇಳುತ್ತೇನೆ.

ಹಾಗಾದರೆ ಮಾಡಬೇಕಾದ್ದೇನು? ನನ್ನ ಅಭಿಪ್ರಾಯ ಹೇಳುತ್ತೇನೆ. ಐಬಿಡಿಗೆ ಇನ್‌ಫ್ಲಿಕ್ಸಿಮ್ಯಾಬ್ ಎಂಬ ಬಯಾಲಜಿಕ್ ಔಷಧಿಯನ್ನು ಡ್ರಿಪ್‌ನಲ್ಲಿ ಸಾಮಾನ್ಯವಾಗಿ ಎಂಟು ವಾರಕ್ಕೊಮ್ಮೆ ಕೊಡುತ್ತಾರೆ. ಒಂದೆರಡು ಗಂಟೆ ಕುರ್ಚಿಯಲ್ಲಿ ಕೂರಬೇಕು. ವರ್ಷಕ್ಕೊಮ್ಮೆಯೂ ನನ್ನ ಕೈಗೆ ಸಿಗದ ಹೆಂಗಸು ಅಲ್ಲಿ ವರ್ಷಕ್ಕೆ ಆರೇಳು ಸಲ ಸಿಗುತ್ತಾಳೆ. ಎಷ್ಟೋ ಕಡೆ ಡ್ರಿಪ್ ಹಾಕುವ ನರ್ಸು ಅವಳ ಭಾಷೆಯವರೇ. ಕೊನೆಯ ಪ್ಯಾಪ್ ಟೆಸ್ಟ್ ಯಾವಾಗ ಆಯಿತು, ಲಸಿಕೆ ಆಗಿದೆಯಾ, ಕೆಳಗೆ ಏನಾದರೂ ತೊಂದರೆ ಇದೆಯಾ ಎಂದು ಆ ಕುರ್ಚಿಯ ಪಕ್ಕದಲ್ಲೇ ಕೇಳಬೇಕು. ಅಲ್ಲಿಂದಲೇ ಸ್ತ್ರೀರೋಗದ ಅಪಾಯಿಂಟ್‌ಮೆಂಟ್ ಮಾಡಿಕೊಡಬೇಕು. ಗಡಿಯ ಊರುಗಳಲ್ಲಿ ಪ್ರೊಮೋತೊರಾ ಎಂದು ಕರೆಯುವ ಹೆಂಗಸರಿದ್ದಾರೆ, ನಮ್ಮ ಆಶಾ ಕಾರ್ಯಕರ್ತೆಯರಂತೆ ಮನೆಮನೆಗೆ ಹೋಗುವವರು. ಅವರನ್ನೂ ಕರುಳಿನ ಕ್ಲಿನಿಕ್ಕಿಗೆ ಜೋಡಿಸಬೇಕು. ಕರುಳಿನ ಡಾಕ್ಟರುಗಳಿಗೆ "ಇದು ನಮ್ಮ ಕೆಲಸವಲ್ಲ" ಅನ್ನಿಸಬಹುದು. ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ಬರೆದ ಕೈ ಅವರದು. ಅದರ ಪರಿಣಾಮ ಗರ್ಭಕೋಶದ ಬಾಯಿಯಲ್ಲಿ ಕಂಡರೂ ಕೇಳುವ ಹೊಣೆ ಅವರದೂ ಹೌದು.

ಮಾತು ಮುಗಿದ ಮೇಲೆ ಬಂದ ಎರಡು ಪ್ರಶ್ನೆಗಳನ್ನು ಇಲ್ಲೇ ಸೇರಿಸುತ್ತೇನೆ.

ಒಬ್ಬರು ಮನೆಯಲ್ಲೇ ಮಾಡಿಕೊಳ್ಳುವ ಹೆಚ್‌ಪಿವಿ ಪರೀಕ್ಷೆಯ ಬಗ್ಗೆ ಕೇಳಿದರು. 2024ರಲ್ಲಿ ಇಲ್ಲಿನ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ, ಕ್ಲಿನಿಕ್ಕಿನಲ್ಲಿ ಹೆಂಗಸರು ತಾವೇ ಮಾದರಿ ತೆಗೆದುಕೊಳ್ಳಲು ಒಪ್ಪಿಗೆ ಕೊಟ್ಟಿತು. 2025ರಲ್ಲಿ ಮನೆಯಲ್ಲಿ ಬಳಸುವ ಕಿಟ್‌ಗೂ ಕೊಟ್ಟಿತು. ಬೇರೆಯವರ ಮುಂದೆ ಬಟ್ಟೆ ಬಿಚ್ಚಲು ಸಂಕೋಚ ಪಡುವವರಿಗೆ ಇದು ದೊಡ್ಡ ಉಪಕಾರ. ಆದರೆ ಆ ಮನೆ ಕಿಟ್ ಸಾಮಾನ್ಯ ಅಪಾಯದ ಹೆಂಗಸರಿಗಾಗಿ ಇರುವುದು. ಐಬಿಡಿ ಔಷಧಿಯ ಮೇಲಿರುವವರು ಅದನ್ನೇ ನಂಬಿ ಕೂರದೆ ಡಾಕ್ಟರನ್ನು ಕೇಳಬೇಕು.

ಇನ್ನೊಬ್ಬರು, "ನಮ್ಮ ಮನೆಗೆ ಬರುವ ಆಂಟಿಗೆ ವಿಮೆ ಇಲ್ಲ, ಕಾಗದಪತ್ರವೂ ಇಲ್ಲ. ಎಲ್ಲಿಗೆ ಕಳಿಸಲಿ?" ಎಂದು ಕೇಳಿದರು. ಫೆಡರಲ್ ಸರ್ಕಾರದ ನೆರವಿನಿಂದ ನಡೆಯುವ ಕಮ್ಯೂನಿಟಿ ಹೆಲ್ತ್ ಸೆಂಟರ್‌ಗಳು ಪ್ರತಿ ದೊಡ್ಡ ಊರಿನಲ್ಲೂ ಇವೆ. ಆದಾಯ ನೋಡಿ ಫೀಸು ಇಳಿಸುತ್ತಾರೆ, ಕೊಡಲಾಗುವುದಿಲ್ಲ ಎಂದು ಯಾರನ್ನೂ ವಾಪಸು ಕಳಿಸುವಂತಿಲ್ಲ. ಆದಾಯ ಕಡಿಮೆ ಇದ್ದು ವಿಮೆ ಇಲ್ಲದ ಹೆಂಗಸರಿಗೆ ಸ್ತನ ಮತ್ತು ಗರ್ಭಕಂಠದ ಪರೀಕ್ಷೆ ಮಾಡಿಸುವ, ಸರ್ಕಾರದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ಕಾರ್ಯಕ್ರಮವೂ 1990ರ ಕಾನೂನಿನಿಂದ ನಡೆದುಕೊಂಡು ಬಂದಿದೆ. ಹತ್ತಿರದ ಸೆಂಟರ್‌ಗೆ ಮೊದಲು ನೀವೇ ಫೋನ್ ಮಾಡಿ, ಯಾರು ಯಾರಿಗೆ ಅನ್ವಯಿಸುತ್ತದೆ ಎಂದು ವಿಚಾರಿಸಿ. ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ಸ್ಪ್ಯಾನಿಷ್ ಇಂಟರ್‌ಪ್ರಿಟರ್ ಬೇಕು, ಹೆಂಗಸಾದರೆ ಒಳ್ಳೆಯದು ಎಂದು ಹೇಳಿ. ಅವರು ನುಂಗುತ್ತಿರುವ ಮಾತ್ರೆಗಳ ಹೆಸರನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಡಿ. ಆ ದಿನ ಅವರಿಗೆ ರಜೆ ಕೊಡಿ, ಸಂಬಳ ಹಿಡಿಯಬೇಡಿ.